ಗೋಡೆಯಾಚೆಯ ಮಗ್ಗ, ಈಚೆಯ ಮೆಮರಿ

ನನ್ನ ಕಂಪ್ಯೂಟರಿನ ಪಕ್ಕದಲ್ಲಿ ಸದಾ ಒಂದು ಸ್ಟೀಲ್ ಲೋಟದ ತುಂಬ ನೀರಿರುತ್ತದೆ. ಕರೆಂಟಿನ ಹತ್ತಿರ ನೀರಿಡಬಾರದೆಂದು ನನ್ನ ನಾದಿನಿ ರುಕ್ಮಿಣಿ ದಿನವೂ ಗೊಣಗುತ್ತಾಳೆ. ನಾನು ದಿನವೂ ಇಡುತ್ತೇನೆ. ಇಬ್ಬರು ವಿಧವೆಯರು ಒಂದೇ ಸೂರಿನಡಿ ಬಾಳಬೇಕಾದರೆ ಇಷ್ಟಾದರೂ ತಕರಾರು ಬೇಡವೇ, ನೀವೇ ಹೇಳಿ.

ಕಳೆದ ಮಳೆಗಾಲದಿಂದ ಈ ಯಂತ್ರಕ್ಕೊಂದು ಚಾಳಿ ಹತ್ತಿಕೊಂಡಿತ್ತು. ಬೆಳಿಗ್ಗೆ ಸ್ವಿಚ್ ಒತ್ತಿದರೆ ಫ್ಯಾನು ಗುಂಯ್‌ಗುಟ್ಟಿ, ಪರದೆ ಬೆಳಗಿ, ಇನ್ನೇನು ನನ್ನ ಹೆಸರು ಮೂಡಬೇಕು ಎನ್ನುವಷ್ಟರಲ್ಲಿ ಎಲ್ಲವೂ ನೀಲಿಯಾಗಿ, ಆ ನೀಲಿಯಲ್ಲಿ ‘ಮೆಮರಿ’ ಎಂಬ ಪದವೊಂದು ತೇಲಿ, ತಾನೇ ಆರಿ, ತಾನೇ ಹೊತ್ತಿಕೊಂಡು, ಮತ್ತೆ ಅದೇ ಹೊಸ್ತಿಲಲ್ಲಿ ಎಡವುತ್ತಿತ್ತು.

ನಾನು ನರ್ವಸ್ ಆದದ್ದು ಯಂತ್ರ ಕೆಟ್ಟಿತೆಂದಲ್ಲ. ಆ ಹೊಸ್ತಿಲಿನ ಪರಿಚಯ ನನಗಿತ್ತು. ಕೆಲವು ಬೆಳಗುಗಳಲ್ಲಿ ಕಣ್ಣು ಬಿಟ್ಟಾಗ ಇದು ಯಾವ ಊರು, ಈ ತೊಲೆ ಯಾರ ಮನೆಯದು, ಎಚ್ಚರಗೊಂಡವಳು ಹುಡುಗಿಯೋ ಮುದುಕಿಯೋ ಎಂಬುದೇ ಹೊಳೆಯದೆ, ಬಾವಿಗಿಳಿಬಿಟ್ಟ ಖಾಲಿ ಕೊಡದಂತೆ ತೇಲುತ್ತಿರುತ್ತೇನೆ. ಆಮೇಲೆ ಎಲ್ಲ ಬಂದು ತುಂಬಿಕೊಳ್ಳುತ್ತದೆ, ಇದುವರೆಗೆ ತುಂಬಿಕೊಂಡಿದೆ. ನನ್ನ ಅಮ್ಮನಿಗೂ ಶುರುವಾದದ್ದು ಹೀಗೆಯೇ. ಕೊನೆಗಾಲದಲ್ಲಿ ಅವಳು ನನ್ನನ್ನೇ ನಾನು ಓದಿದ ಕಾನ್ವೆಂಟಿನ ಸಿಸ್ಟರ್ ಎಂದು ತಿಳಿದು, ಕೈಹಿಡಿದು, ನನ್ನ ಮಗಳನ್ನು ಹೊಡೆಯಬೇಡಿ ಸಿಸ್ಟರ್, ಅವಳು ತುಂಬ ಮೆದು ಎಂದು ಬೇಡಿಕೊಂಡಿದ್ದಳು. ಹೊಡೆಯುವುದಿಲ್ಲ ಎಂದು ನಾನು ಇಂಗ್ಲಿಷಿನಲ್ಲಿ ಮಾತು ಕೊಟ್ಟಿದ್ದೆ.

ರಿಪೇರಿಯ ಮುನಿರಾಜು ಕಂಪ್ಯೂಟರನ್ನು ಅಂಗಡಿಗೊಯ್ದು, ಬಿಚ್ಚಿ, ಒಳಗೆ ಸಡಿಲಗೊಂಡಿದ್ದ ರ್‍ಯಾಮ್ ಎಂಬ ಮೆಮರಿ ಪಟ್ಟಿಯನ್ನು ಒರೆಸಿ ಕೂರಿಸಿ ತಂದುಕೊಟ್ಟರು. ವಾರ ಕಳೆಯುವುದರೊಳಗೆ ಮತ್ತದೇ ನೀಲಿ. ಇನ್ನೊಮ್ಮೆ ಒಯ್ದರು, ಇನ್ನೊಮ್ಮೆ ತಂದರು.

“ನಮ್ ಅಂಗಡೀಲಿ ಚೆನ್ನಾಗೇ ಓಡ್ತದೆ ಮೇಡಂ. ನಿಮ್ಮಲ್ಲಿ ಬಂದ್ರೇನೇ ಹಿಂಗಾಡೋದು. ಏನೋ ಇದೆ ನಿಮ್ಮಲ್ಲಿ.”

ಅವರು ಹೇಳಿದ್ದು ನಮ್ಮ ಮನೆಯನ್ನು. ನನಗೆ ಕೇಳಿಸಿದ್ದು ಬೇರೆ.

“ಅದೇನಪ್ಪಾ ಸಡಿಲ ಆಗಿರೋದು?” ರುಕ್ಮಿಣಿ ಅಡುಗೆಮನೆಯಿಂದಲೇ ಕೇಳಿದಳು.

“ರ್‍ಯಾಮ್ ಅಮ್ಮ.”

“ರಾಮನಾ? ಅವನೇ ಸಡಿಲ ಆದ್ಮೇಲೆ ಇನ್ನೇನುಳೀತು. ನಮ್ಮತ್ತಿಗೆ ಬೇರೆ ನಿನ್ನೆ ಸಾರಿಗೆ ಎರಡ್ ಸಲ ಉಪ್ಪು ಹಾಕವ್ರೆ, ಅವ್ರದ್ನೂ ಒಂಚೂರು ಒತ್ತಿ ಕೂರ್ಸಿ ಹೋಗು.”

ಮುನಿರಾಜು ನಕ್ಕರು, ನಾನೂ ನಕ್ಕೆ; ಆದರೆ ಆ ಉಪ್ಪು ನನ್ನ ನಾಲಗೆಯ ಮೇಲೆ ಬಹಳ ಹೊತ್ತು ಉಳಿಯಿತು. ಅಂದಿನಿಂದ ಕಂಪ್ಯೂಟರಿನ ಮುಂದೆ ಕೂರುವುದೆಂದರೆ ಡಾಕ್ಟರ ರಿಪೋರ್ಟು ತೆರೆದಂತೆ. ಇದು ಏಳಲಿಲ್ಲವಾದರೆ ನಾಳೆ ನಾನೂ ಏಳಲಾರೆ ಎಂದು ಮನಸ್ಸು ಗಂಟು ಹಾಕಿಕೊಂಡುಬಿಟ್ಟಿತ್ತು. ಸ್ಟುಪಿಡ್ ಎನ್ನುತ್ತೀರೇನೋ. ಭಯಕ್ಕೆ ಯಾವ ಕಾನ್ವೆಂಟೂ ವಿದ್ಯೆ ಕಲಿಸಿಲ್ಲ.

ಒಂದು ಬೆಳಿಗ್ಗೆ ಸ್ವಿಚ್ ಒತ್ತುವ ಧೈರ್ಯ ಬಾರದೆ, ಸುಮ್ಮನೆ ಕೈಕಟ್ಟಿ ಕುಳಿತು ಲೋಟವನ್ನೇ ನೋಡುತ್ತಿದ್ದೆ. ನೀರು ನಡುಗುತ್ತಿತ್ತು. ಸಣ್ಣ ಸಣ್ಣ ಉಂಗುರಗಳು, ಒಂದರ ಹಿಂದೊಂದು. ನಾನು ಮುಟ್ಟಿರಲಿಲ್ಲ. ಆರಿದ್ದ ಕಂಪ್ಯೂಟರಿನ ಮೇಲೆ ಅಂಗೈಯಿಟ್ಟೆ. ಅದೂ ಜ್ವರದ ಮಗುವಿನಂತೆ ನಡುಗುತ್ತಿತ್ತು. ಗೋಡೆಗೆ ಕಿವಿಯಿಟ್ಟಾಗಷ್ಟೇ ಕೇಳಿಸಿದ್ದು: ಖಟಖಟ, ಖಟಖಟ. ಪಕ್ಕದ ಮನೆಯ ಪವರ್‌ಲೂಮುಗಳು.

ದೊಡ್ಡಬಳ್ಳಾಪುರಕ್ಕೆ ಸೊಸೆಯಾಗಿ ಬಂದ ಹೊಸತರಲ್ಲಿ ಈ ಸದ್ದಿಗೆ ತಲೆದಿಂಬು ಕವುಚಿಕೊಂಡು ಅತ್ತವಳು ನಾನು. ಈಗ ಅದು ನನ್ನ ನೆತ್ತರಿನ ಸದ್ದಿನ ಹಾಗೆ, ಇದೆಯೆಂಬುದೇ ಗೊತ್ತಾಗದು. ಸೀರೆ ನೇಯುವ ಈ ಬೀದಿಯಲ್ಲಿ ಯಾರನ್ನು ಕೇಳಿದರೂ ಸದ್ದಾ, ಎಲ್ಲಿ ಎಂದಾರು. ಇದೇ ಬೀದಿಯಲ್ಲಿ ಹುಟ್ಟಿದ ರುಕ್ಮಿಣಿಯಂತೂ, “ಗೋಡೆ ಅಂದ್ಮೇಲೆ ಅಷ್ಟೂ ಅಲುಗಾಡ್ದೆ ಇರ್ತದಾ?” ಎಂದಳು. ಆ ಅಲುಗಾಟವೇ ಪಟ್ಟಿಯನ್ನು ಕೂದಲೆಳೆಯಷ್ಟೆ ಸಡಿಲಿಸುತ್ತಿತ್ತು. ಮುನಿರಾಜು ಬಂದು, ಮೇಜನ್ನು ಗೋಡೆಯಿಂದ ದೂರ ಸರಿಸಿ, ಪೆನ್ಸಿಲ್ ಅಳಿಸುವ ರಬ್ಬರಿನಿಂದ ಪಟ್ಟಿಯ ಅಂಚನ್ನು ಉಜ್ಜಿ ಕೂರಿಸಿದರು. ಕಂಪ್ಯೂಟರಿನ ಕೆಳಗೆ ರುಕ್ಮಿಣಿಯ ಹಳೆಯ ಸೀರೆಯ ಮಡಿಕೆ ಬಿತ್ತು. ಅಳಿಸುವ ರಬ್ಬರಿನಿಂದ ನೆನಪು ಮರಳುವ ಲೋಕವಿದು. ಅಂದಿನಿಂದ ನನ್ನ ಹೆಸರು ಪರದೆಯ ಮೇಲೆ ತಪ್ಪದೆ ಮೂಡುತ್ತಿದೆ.

ನನಗೂ ಒಂದು ಉಪಾಯ ದೊರೆಯಿತು. ರಾತ್ರಿ ಮಲಗುವಾಗ ಲೋಟವನ್ನು ಹಾಸಿಗೆಯ ಬಳಿ, ಗೋಡೆಗೆ ಹೊಂದಿಸಿದ ಸ್ಟೂಲಿನ ಮೇಲೆ ಇಟ್ಟುಕೊಳ್ಳತೊಡಗಿದೆ. ಕಣ್ಣು ಬಿಟ್ಟಾಗ ಕೊಡ ಖಾಲಿಯೆನಿಸಿದರೆ ನೀರನ್ನು ನೋಡುತ್ತೇನೆ. ಉಂಗುರಗಳು ಕಂಡರೆ ಮಗ್ಗ, ಮಗ್ಗವೆಂದರೆ ಈ ಬೀದಿ, ಬೀದಿಯೆಂದರೆ ಈ ಮನೆ, ಮನೆಯೆಂದರೆ ನಾನು. ಕಂಪ್ಯೂಟರನ್ನು ಕೆಡವಿದ್ದೇ ನನ್ನನ್ನು ಎಬ್ಬಿಸುತ್ತದೆಯಲ್ಲ ಎಂದು ಒಳಗೊಳಗೇ ಬೀಗಿದ್ದೆ ಕೂಡ.

ಮೊನ್ನೆ ಎಚ್ಚರವಾದಾಗ ನೀರು ಕನ್ನಡಿಯಂತೆ ನಿಶ್ಚಲವಾಗಿತ್ತು. ಯಾವ ಬೀದಿಯೂ ಬರಲಿಲ್ಲ. ಎಷ್ಟು ಹೊತ್ತು ಹಾಗೆ ಮಲಗಿದ್ದೆನೋ ತಿಳಿಯದು.

“ಅತ್ತಿಗೆ, ಏಳಿ, ಕಾಫಿ ಆರೋಗ್ತದೆ. ಅಮಾವಾಸ್ಯೆ ಇವತ್ತು, ಮಗ್ಗ ಇಲ್ಲ, ಅದ್ಕೇ ಬೀದಿಗ್ ಬೀದಿನೇ ಮಲ್ಗೈತೆ.”

ಅತ್ತಿಗೆ ಎಂಬ ಆ ಒಂದು ಪದವನ್ನು ಹಿಡಿದು ನಾನು ಮೇಲೆ ಬಂದೆ. ಕುಡಿಯಲೆಂದು ಕೈಚಾಚಿ ಲೋಟವನ್ನು ಎತ್ತಿಕೊಂಡೆ. ನನ್ನ ಕೈಯಲ್ಲಿ ಹಿಡಿದ ನೀರಿನ ಮೇಲೆ ಉಂಗುರಗಳೆದ್ದವು, ಸಣ್ಣ ಸಣ್ಣವು, ಒಂದರ ಹಿಂದೊಂದು.

ಅಂದು ಮಗ್ಗ ಓಡುತ್ತಿರಲಿಲ್ಲ.