ಎರಡನೇ ಸಲದ ಕಾವು

ಕಾಕಾರ ಹೆಬ್ಬೆರಳಿನ ತುದಿಯಲ್ಲಿ ಸೂಜಿಯ ಹಿಂಬದಿ ಒತ್ತಿ ಒತ್ತಿ ಒಂದು ತಗ್ಗು ಬಿದ್ದಿತ್ತು. ಬಲಗೈಯದೋ ಎಡಗೈಯದೋ, ಈಗ ಖಾತ್ರಿಯಿಲ್ಲ. ಅಂಗಿ ಗುಂಡಿಗಿಂತ ಸಣ್ಣ ಅಲ್ಯೂಮಿನಿಯಂ ಬಟ್ಟಲಿಗೆ ನಾವು ವಿದ್ಯಾರ್ಥಿಗಳು ತಂದ ಪುಡಿ ಹಾಕಿ, ಮುಚ್ಚಳಕ್ಕೆ ಸೂಜಿಯಿಂದ ತೂತು ಮಾಡಿ, ಕಾಯಿಸುವ ಯಂತ್ರದೊಳಗೆ ಇಡುವುದು ಅವರ ಕೆಲಸ. ನಾನಾಗ ಇದ್ದ ಹೈದರಾಬಾದಿನ ಪ್ರಯೋಗಾಲಯಕ್ಕೆ ಪಟಾನ್‌ಚೆರುವಿನಿಂದ ಬಸ್ಸಿನಲ್ಲಿ ಬರುತ್ತಿದ್ದರು. ವಿಜಾಪುರದ ಕಡೆಯವರು, ನಮಗೆಲ್ಲ ಕಾಕಾ. ಯಂತ್ರವನ್ನು ತೆಲುಗಿನಲ್ಲಿ ಬೈಯುತ್ತಿದ್ದರು, ನನ್ನನ್ನು ಕನ್ನಡದಲ್ಲಿ.

ನನ್ನ ಸಂಶೋಧನೆ ಸೆಲ್ಯುಲೋಸ್ ಅಸಿಟೇಟ್ ಮೇಲೆ. ಹತ್ತಿಯಿಂದ ಮಾಡುವ, ಕನ್ನಡಕದ ಚೌಕಟ್ಟಿಗೆ ಬಳಸುವ ಪ್ಲಾಸ್ಟಿಕ್. ಅದರಲ್ಲಿ ಎಷ್ಟು ಭಾಗ ಹರಳುಗಟ್ಟಿದೆ ಎಂದು ಕಾಯಿಸಿ ತಿಳಿಯಬೇಕಿತ್ತು. ಎರಡು ವರ್ಷ ಏನೂ ಸಿಕ್ಕಿರಲಿಲ್ಲ. ಜೊತೆಗೆ ಓದಿದವರೆಲ್ಲ ಅಮೀರ್‌ಪೇಟೆಯಲ್ಲಿ ಕಂಪ್ಯೂಟರ್ ಕಲಿತು ಕೆಲಸ ಹಿಡಿದಿದ್ದರು. ಆ ಕೋರ್ಸಿನ ಅರ್ಜಿ ನನ್ನ ಚೀಲದಲ್ಲೂ ಇತ್ತು. ಅಷ್ಟರಲ್ಲಿ ಯಂತ್ರ ಬರೆದ ಗ್ರಾಫಿನಲ್ಲಿ, ನೂರು ಡಿಗ್ರಿಯ ಆಸುಪಾಸು, ನಾನು ಎಲ್ಲೂ ಓದಿರದ ಒಂದು ಉಬ್ಬು ಕಂಡಿತು. ಸೋಮವಾರ ಎಲ್ಲರೆದುರು ಅದನ್ನೇ ಹೊಸ ಶೋಧವೆಂದು ಮಂಡಿಸುವವಳಿದ್ದೆ.

ಕಾಕಾ ಗ್ರಾಫ್ ನೋಡಿ, "ತಂಗಿ, ಇನ್ನೊಮ್ಮಿ ಕಾಸೂಣು" ಎಂದರು.

"ಯಾಕೆ ಕಾಕಾ? ಚೆನ್ನಾಗೇ ಬಂದಿದೆಯಲ್ಲ."

"ಭಾಳ ಚಂದ ಐತಿ. ಅದಕ್ಕ ಅಂಜಿಕಿ. ಹತ್ತಿ ಕೂಸದು, ಗಾಳ್ಯಾಗಿನ ನೀರ ಕುಡದು ಕುಂತಿರತೈತಿ. ಅದ ಬಟ್ಟಲ ಆರಿಸಿ ಮತ್ತ ಕಾಸು. ಉಳದ್ರ ನಿಂದು."

ನನಗೆ ಸಿಟ್ಟು ಬಂದಿತ್ತು. ಬೇಡವೆಂದೆನೋ, ಬಟ್ಟಲನ್ನು ನಾನೇ ಎತ್ತಿಕೊಟ್ಟೆನೋ, ನೆನಪಿಲ್ಲ. ಅವರು ಕಾಯಿಸಿದರು. ಉಬ್ಬು ಇರಲಿಲ್ಲ; ಅದು ಬರೀ ನೀರು. ನಾನು ಚೀಲದಿಂದ ಅರ್ಜಿ ಹೊರತೆಗೆದೆ.

"ಹೋಗಾಕಿ ಹೋಗು, ಯಾರ್ ಬ್ಯಾಡಂದ್ರು. ಮೊದಲ ಇಲ್ಲಿ ನೋಡು."

ಅವರ ಬೆರಳು ಇನ್ನೂರ ಮೂವತ್ತು ಡಿಗ್ರಿಯ ಬಳಿ ನಿಂತಿತ್ತು. ಅಲ್ಲೊಂದು ಪುಟ್ಟ ಉಬ್ಬು, ಹರಳು ಕರಗಿದ ಗುರುತು. ದೊಡ್ಡ ಉಬ್ಬಿನ ಗುಂಗಿನಲ್ಲಿ ನಾನು ಅತ್ತ ನೋಡಿಯೇ ಇರಲಿಲ್ಲ.

"ಎರಡೂ ಸಲ ಅಲ್ಲೇ ಕುಂತೈತಿ ಪಾಪ. ನಿನ್ನ ಕಣ್ಣಿಗಷ್ಟ ಬಿದ್ದಿಲ್ಲ."

ಅರ್ಜಿಯ ಹಿಂಬದಿಯಲ್ಲೇ ಅಂಕಿಗಳನ್ನು ಬರೆದುಕೊಂಡೆ. ಸೋಮವಾರ ಮಂಡಿಸಿದ್ದು ಆ ಪುಟ್ಟ ಉಬ್ಬನ್ನು. ನನ್ನ ಪ್ರಬಂಧ ಬೆಳೆದದ್ದು ಅಲ್ಲಿಂದ, ಇಂದಿನ ಮೇಷ್ಟರಿಕೆಯೂ.

ಕಾಕಾ ತೀರಿಕೊಂಡ ಸುದ್ದಿ ಬಂದ ದಿನ ದಿನಚರಿಯಲ್ಲಿ ಒಂದೇ ಉಸಿರಿಗೆ ಆರು ಪುಟ ಬರೆದೆ. ಬಹಳ ಚೆನ್ನಾಗಿ ಬಂದಿತ್ತು, ಅದಕ್ಕೇ ಅಂಜಿಕೆಯಾಯಿತು. ವರ್ಷ ಕಳೆದ ಮೇಲೆ, ಆ ಪುಟಗಳನ್ನು ತೆರೆಯದೆ, ಇನ್ನೊಮ್ಮೆ ಬರೆದೆ. ಆಮೇಲೆ ಎರಡನ್ನೂ ಹೋಲಿಸಿ, ಎರಡೂ ಸಲ ಉಳಿದದ್ದನ್ನಷ್ಟೇ ಇಲ್ಲಿ ಇಟ್ಟಿದ್ದೇನೆ.