ಅಪ್ಪನ ಭುಜಕ್ಕೆ ಕೂರದ ಬಂದೂಕು

ನಮ್ಮ ಮನೆಯ ಜೋಡುನಳಿಗೆ ಬಂದೂಕಿನ ರಬ್ಬರ್ ಪ್ಯಾಡನ್ನು ಹಾಳು ಮಾಡಿದವಳು ನಾನೇ. ಜರಗನಹಳ್ಳಿಯಲ್ಲಿ ನಮಗೆ ಹೊಲವಿದ್ದಾಗ ತಾತ ಕೊಂಡ ಬಂದೂಕು ಅದು. ಆಮೇಲೆ ಅಪ್ಪನ ಹೆಸರಿಗೆ ಬಂತು. ಹೊಲದ ಜಾಗದಲ್ಲಿ ಬಾಡಿಗೆ ಮನೆಗಳು ಎದ್ದ ಮೇಲೆ ಆಯುಧಪೂಜೆ ಬಿಟ್ಟರೆ ಅದಕ್ಕೆ ಬೇರೆ ಕೆಲಸವಿರಲಿಲ್ಲ. ಪ್ರತಿ ವರ್ಷ ವಿಭೂತಿ ಹಚ್ಚುವ ಮೊದಲು ನಾನು ಅದಕ್ಕೆ ಕೊಬ್ಬರಿ ಎಣ್ಣೆ ಬಳಿಯುತ್ತಿದ್ದೆ. ನಳಿಗೆ, ಮರ, ಕೊನೆಗೆ ಭುಜಕ್ಕೆ ಒತ್ತುವ ಆ ರಬ್ಬರನ್ನೂ ಬಿಡುತ್ತಿರಲಿಲ್ಲ. ಭಕ್ತಿ ಜಾಸ್ತಿ, ಬುದ್ಧಿ ಕಡಿಮೆ. ಹೋದ ವರ್ಷ ಮುಟ್ಟಿದರೆ ರಬ್ಬರು ಬೆಲ್ಲದ ಪಾಕದ ಹಾಗೆ ಬೆರಳಿಗೆ ಅಂಟಿತು.

ಅದೇ ಹೊತ್ತಿಗೆ, ಎಂಬತ್ತೆರಡರ ಅಪ್ಪ ಲೈಸೆನ್ಸನ್ನು ನನ್ನ ಹೆಸರಿಗೆ ಮಾಡಿಕೊಡಲು ಒಪ್ಪಿದ್ದರು. ಒಂದೇ ಷರತ್ತು. "ಒಂದ್ಸಲ ಭುಜಕ್ಕಿಟ್ಟು ನೋಡ್ತೀನಿ. ಆಮೇಲೆ ಸೈನ್ ಹಾಕ್ತೀನಿ."

ಮೆಟ್ರೊದಲ್ಲಿ ಬಿಡುವುದಿಲ್ಲವೆಂದು ಲೈಸೆನ್ಸ್ ಪುಸ್ತಕದ ಸಮೇತ ಆಟೊದಲ್ಲಿ ಪೇಟೆಯ ಬಂದೂಕು ರಿಪೇರಿ ಅಂಗಡಿಗೆ ಒಯ್ದೆ. ಅಂಗಡಿಯವರು ಹಳೆಯದನ್ನು ಕೆರೆದು ತೆಗೆದು, ಹೊಸ ಪ್ಯಾಡ್ ಕೂರಿಸಿ, ಅಂಚು ಉಜ್ಜಿ ಕೊಟ್ಟರು. ಮನೆಗೆ ತಂದು ಖಾಲಿ ಬಂದೂಕನ್ನು ಅಪ್ಪನ ಕೈಗಿಟ್ಟೆ. ಎತ್ತಿದರು. ಪ್ಯಾಡು ಕಂಕುಳ ಹತ್ತಿರ ಅಂಗಿಗೆ ಸಿಕ್ಕಿಕೊಂಡಿತು. ಇನ್ನೊಮ್ಮೆ ಎತ್ತಿದರು. ಮತ್ತೆ ಅದೇ.

"ಇದು ನಮ್ಮದಲ್ಲ ಕಣಮ್ಮ."

"ಅಪ್ಪಾ, ನಂಬರ್ ನೋಡಿ, ಪುಸ್ತಕದಲ್ಲಿರೋದೇ ಇದು."

"ನಂಬರ್ ಯಾರ್ ಬೇಕಾದ್ರೂ ಕೆತ್ತಬಹುದು. ನನ್ನ ಭುಜಕ್ಕೆ ಗೊತ್ತಾಗಲ್ವಾ? ಅಂಗಡಿಯೋನು ಬದಲಾಯ್ಸಿದಾನೆ. ಬೇರೆಯವರ ಬಂದೂಕಿಗೆ ನಾನು ಸೈನ್ ಹಾಕಲ್ಲ."

ನನಗೆ ತಲೆ ಕೆಟ್ಟುಹೋಯಿತು. ಮರದ ಮೇಲಿನ ಗೀರು ಮೊದಲು ಎಡಕ್ಕಿತ್ತೋ, ಬಲಕ್ಕೋ? ಅಷ್ಟು ವರ್ಷ ಎಣ್ಣೆ ಬಳಿದವಳಿಗೆ ಅದೂ ನೆನಪಿಲ್ಲ. ಅಂಗಡಿಯವರ ಮೇಲೆ ಅನುಮಾನ, ಅಪ್ಪನ ಮೇಲೆ ಅನುಮಾನ, ನನ್ನ ಕಣ್ಣಿನ ಮೇಲೂ ಅನುಮಾನ. ಎರಡು ದಿನ ಹೀಗೇ ಒದ್ದಾಡಿ, ಮೂರನೆಯ ದಿನ ಬಂದೂಕು ಹಿಡಿದು, ಜಗಳಕ್ಕೆ ಸಿದ್ಧಳಾಗಿಯೇ ಅಂಗಡಿಗೆ ಹೋದೆ.

ಅಂಗಡಿಯವರು ಸಿಟ್ಟಾಗಲಿಲ್ಲ. "ಬಿಚ್ಚೋಕೆ ಮುಂಚೆ ಅಳೆದು ಬರ್ಕೊಂಡಿದೀನಿ ಮೇಡಂ" ಎಂದು ಚೀಟಿ ತೋರಿಸಿ, ನನ್ನೆದುರೇ ಟೇಪು ಹಿಡಿದರು. ಹೊಸ ಪ್ಯಾಡ್ ಸೇರಿಯೂ ಬಂದೂಕಿನ ಉದ್ದ ಒಂದು ಕೂದಲೆಳೆಯಷ್ಟೂ ಬದಲಾಗಿರಲಿಲ್ಲ.

"ನಿಮ್ ತಂದೆಯೋರು ಇದನ್ನ ಭುಜಕ್ಕಿಟ್ಟು ಎಷ್ಟು ವರ್ಷ ಆಯ್ತು?"

"ಹದಿನೈದಾದ್ರೂ ಆಗಿರುತ್ತೆ."

"ವಯಸ್ಸಾದ್ರೆ ಕತ್ತು, ಭುಜ ಎಲ್ಲಾ ಮುದುರ್ಕೊಳ್ಳುತ್ತೆ ಮೇಡಂ. ಬಂದೂಕು ಮುದುರಲ್ವಲ್ಲ."

ದಿನಾ ಬೆಳಿಗ್ಗೆ ಎದುರು ನಿಂತು ಕಾಫಿ ಕೊಡುವ ನನಗೆ ಅಪ್ಪ ಬಾಗಿದ್ದು ಕಂಡೇ ಇರಲಿಲ್ಲ. ಆ ಅಂಗಡಿಯಲ್ಲೇ ಅಳು ಬಂತು. ಪ್ಯಾಡ್ ಬಿಚ್ಚಿಸಿ, ಅದರ ಅರ್ಧ ದಪ್ಪದ್ದನ್ನು ಹಾಕಿಸಿಕೊಂಡು ಬಂದೆ.

ಈ ಸಲ ಬಂದೂಕು ಸರಾಗವಾಗಿ ಭುಜಕ್ಕೆ ಕೂತಿತು. ಅಪ್ಪ ಕೆನ್ನೆಯನ್ನು ಮರಕ್ಕೆ ಒತ್ತಿ ಗೋಡೆಯ ಗಡಿಯಾರದ ಕಡೆ ನೋಡಿದರು. ಮುಖ ಅರಳಿತು.

"ಹಾಂ, ಇದು ನಮ್ಮದು."

ಫಾರಂ ಮುಂದಿಟ್ಟೆ. ನಿಧಾನವಾಗಿ ಸಹಿ ಹಾಕುತ್ತ ಕೇಳಿದರು.

"ಆ ಇನ್ನೊಂದನ್ನ ವಾಪಸ್ ಕೊಟ್ಟೆ ತಾನೇ? ಪಾಪ, ಅವ್ರೂ ಹುಡುಕ್ತಿರ್ತಾರೆ."

"ಕೊಟ್ಟೆ ಅಪ್ಪಾ" ಎಂದೆ.