ಅತ್ತೆಯ ನೀರಾವರಿ

ಇವತ್ತು ಬೆಳಿಗ್ಗೆ ಸೋಪಿನ ಪುಡಿಯ ಡಬ್ಬದ ಮುಚ್ಚಳ ತೆಗೆದೆ. ಘಮ್ಮೆಂದು ವಾಸನೆ ಮೂಗಿಗೆ ಹೊಡೆದು ಒಂದರ ಹಿಂದೆ ಒಂದು ಸೀನು ಬಂತು. ಸೀನುತ್ತಲೇ ನನಗೆ ಭಾರಿ ಸಂತೋಷವಾಯಿತು. ನಮ್ಮ ಮನೆಯ ವಾಷಿಂಗ್ ಮೆಷಿನ್ ಇವತ್ತು ನನ್ನ ಕೈಗೆ ಸಿಕ್ಕಿದೆ! ಸ್ವಂತ ಮನೆಯ ಮೆಷಿನ್ ಕೈಗೆ ಸಿಗುವುದರಲ್ಲಿ ಏನು ವಿಶೇಷ ಎಂದು ನೀವು ಕೇಳಬಹುದು. ನಮ್ಮಲ್ಲಿ ಅದು ವಿಶೇಷವೇ. ನನ್ನ ಪಾಳಿ ಬರುವುದು ಭಾನುವಾರ ಮಾತ್ರ, ಅದೂ ಬೀದಿಯಲ್ಲಿ ಬೇರೆ ಯಾರಿಗೂ ಅರ್ಜೆಂಟಿಲ್ಲದಿದ್ದರೆ. ಇವತ್ತು ಬುಧವಾರ. ಬಟ್ಟೆ ಒಗೆಯಲೆಂದೇ ಕಾಲೇಜಿನ ಆಫೀಸಿಗೆ ರಜೆ ಹಾಕಿದ್ದೇನೆ. ರಜೆ ಚೀಟಿಯಲ್ಲಿ ಮಾತ್ರ ಜ್ವರ ಎಂದು ಬರೆದಿದ್ದೇನೆ.

ಈ ಸ್ವಾತಂತ್ರ್ಯಕ್ಕೆ ಕಾರಣ, ನಮ್ಮ ಅತ್ತೆ ಮನೆಯಲ್ಲಿಲ್ಲ. ಮೈದುನನ ಮಗುವಿನ ನಾಮಕರಣಕ್ಕೆಂದು ಕುಣಿಗಲ್ ಹತ್ತಿರದ ತಮ್ಮೂರು ಕೊತ್ತಗೆರೆಗೆ ಹೋಗಿದ್ದಾರೆ. ಹೋಗುವಾಗ ದೊಡ್ಡ ಬ್ಯಾಗನ್ನೇ ತೆಗೆದುಕೊಂಡರು. “ಒಗ್ಗಿದ್ರೆ ಅಲ್ಲೇ ಇದ್ಬುಡ್ತೀನಿ ಕಣವ್ವ, ನೀವೂ ಆರಾಮಾಗಿರಿ,” ಅಂದರು. ನಾಮಕರಣ ಮುಗಿದು ಎಷ್ಟೋ ದಿನವಾಯಿತು, ಇನ್ನೂ ಬಂದಿಲ್ಲ. ನಮ್ಮ ಮನೆಯವರು ಅನ್ನ ಕಲಸುತ್ತಾ ಕೂರುತ್ತಾರೆಯೇ ಹೊರತು ತಿನ್ನುವುದಿಲ್ಲ. ನಾನಂತೂ ಬಟ್ಟೆ ತುಂಬಿ, ಗುಂಡಿ ಒತ್ತಿ, ಮೆಷಿನ್ನಿನ ಎದುರು ಸ್ಟೂಲ್ ಹಾಕಿಕೊಂಡು ಕೂತಿದ್ದೇನೆ. ಗಾಜಿನೊಳಗೆ ಬಟ್ಟೆ ತಿರುಗುವುದನ್ನು ನೋಡುತ್ತಿದ್ದರೆ ಹಳೆಯದೆಲ್ಲ ನೆನಪಾಗುತ್ತದೆ. ನಿಮಗೂ ಪುರಸೊತ್ತಿದ್ದರೆ ಇನ್ನೊಂದು ಸ್ಟೂಲ್ ಎಳೆದುಕೊಳ್ಳಿ.

ಅತ್ತೆ ತುಮಕೂರಿಗೆ ಬಂದದ್ದು ಕಣ್ಣಿನ ಆಪರೇಷನ್‌ಗೆ. ವಾಪಸು ಕಳಿಸಲು ಮಗನಿಗೆ ಮನಸ್ಸಾಗಲಿಲ್ಲ, ತೋಟವನ್ನು ಹೇಗೂ ತಮ್ಮ ನೋಡಿಕೊಳ್ಳುತ್ತಾನಲ್ಲ ಎಂದು ಉಳಿಸಿಕೊಂಡರು. ಆದರೆ ಅತ್ತೆ ಸುಮ್ಮನೆ ಕೂತು ಅಭ್ಯಾಸವಿದ್ದವರಲ್ಲ. ಊರಿನ ತೆಂಗಿನ ತೋಟಕ್ಕೆ ನೀರು ಕಟ್ಟುವ ಕೆಲಸ ಮದುವೆಯಾಗಿ ಬಂದಾಗಿನಿಂದ ಅವರದೇ. ಮೋಟರ್ ಹಾಕಿಸಿ, ಸೀರೆ ಎತ್ತಿ ಕಟ್ಟಿ, ಗುದ್ದಲಿ ಹಿಡಿದು ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಕಾಲುವೆ ತಿರುಗಿಸುತ್ತಾ ಹೋದರೆ ಯಾವ ಮರಕ್ಕೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಅಂಥವರನ್ನು ತಂದು ನಾವು ಸೋಫಾದ ಮೇಲೆ ಕೂರಿಸಿ ಟಿವಿ ಹಾಕಿಕೊಟ್ಟೆವು. ಅವರು ಬಸ್ಸಿಗೆ ಕಾಯುವವರಂತೆ ತುದಿಯಲ್ಲಿ ಕೂತು ಧಾರಾವಾಹಿ ನೋಡುತ್ತಿದ್ದರು. ಅಡುಗೆಮನೆಗೆ ಬಂದರೆ ನಾನು ಬಿಡುತ್ತಿರಲಿಲ್ಲ, ಬಿಟ್ಟರೆ ಸಾರು ನನ್ನ ಕೈತಪ್ಪಿ ಕುಣಿಗಲ್ ಕಡೆ ಹೊರಟುಬಿಡುತ್ತಿತ್ತು. ಪದೇ ಪದೇ “ನಾನ್ ಹೋಯ್ತೀನಿ ಕಣ್ಲಾ, ಬಸ್ ಹತ್ಸು” ಎಂದು ಮಗನಿಗೆ ಹೇಳುವರು. ಅವರು ಇರಬೇಕೆಂದು ನನಗಿತ್ತೇ? ಸುಳ್ಳೇಕೆ ಹೇಳಲಿ, ಅರ್ಧ ದಿನ ಇರಲಿ ಅನ್ನಿಸುತ್ತಿತ್ತು, ಇನ್ನರ್ಧ ದಿನ ಬಸ್ಸಿನ ವೇಳೆ ನೆನಪಾಗುತ್ತಿತ್ತು.

ಅವರನ್ನು ಇಲ್ಲಿ ಕಟ್ಟಿಹಾಕಿದ್ದು ಮಗನ ಪ್ರೀತಿಯಲ್ಲ, ನನ್ನ ಸತ್ಕಾರವಂತೂ ಅಲ್ಲ. ನಮ್ಮ ಹಳೆಯ ವಾಷಿಂಗ್ ಮೆಷಿನ್. ನನ್ನ ತವರಿನವರು ಕೊಟ್ಟ ಸೆಮಿ ಆಟೊಮ್ಯಾಟಿಕ್ ಅದು. ಹಿಂಡುವ ಹೊತ್ತಿಗೆ ಮೈಮೇಲೆ ಬಂದ ಹಾಗೆ ಕುಣಿಯುತ್ತಾ ಗೋಡೆಯಿಂದ ಬಾಗಿಲವರೆಗೆ ಬರುತ್ತಿತ್ತು, ನಾನು ಎರಡೂ ಕೈಯಲ್ಲಿ ಅದುಮಿ ಹಿಡಿದುಕೊಳ್ಳಬೇಕು. ನೀರನ್ನಂತೂ ಕೊಡಗಟ್ಟಲೆ ಕುಡಿದು ಕೊಡಗಟ್ಟಲೆ ಹಿತ್ತಲಿಗೆ ಕಾರುತ್ತಿತ್ತು. ಹಿತ್ತಲಲ್ಲಿ ಎರಡು ತೆಂಗಿನ ಮರ. ಮನೆಯ ಹಿಂದಿನ ಮಾಲೀಕರು ನೆಟ್ಟು ಮರೆತಿದ್ದಂಥವು, ಗರಿ ಸೊರಗಿ, ಕಾಯಿ ಕಚ್ಚದೆ ನಿಂತಿದ್ದವು. ಒಂದು ದಿನ ಅತ್ತೆ ಹಿತ್ತಲ ಬಾಗಿಲಲ್ಲಿ ನಿಂತು, ಪೈಪಿನಿಂದ ಬರುತ್ತಿದ್ದ ನೀರನ್ನೂ ಆ ಮರಗಳನ್ನೂ ಬಹಳ ಹೊತ್ತು ನೋಡಿದರು. ಸಂಜೆ ನಾನು ಆಫೀಸಿನಿಂದ ಬರುವಷ್ಟರಲ್ಲಿ ಪಕ್ಕದ ಕಟ್ಟಡದ ಕೆಲಸದವರಿಂದ ಗುದ್ದಲಿ ಕೇಳಿ ತಂದು, ಎರಡೂ ಮರಕ್ಕೆ ಪಾತಿ ಮಾಡಿ, ಪೈಪಿನ ಬಾಯಿಂದ ಕಾಲುವೆ ತೋಡಿದ್ದರು. ಆಮೇಲೆ ನಾನು ಒಳಗೆ ಬಟ್ಟೆ ಹಾಕಿದರೆ ಅವರು ಹೊರಗೆ ಗುದ್ದಲಿ ಹಿಡಿದು ನಿಲ್ಲುವರು. ಒಗೆದ ನೀರು ಬಲಗಡೆ ಮರಕ್ಕೆ. ಜಾಲಿಸಿದ ನೀರಿಗೆ ಅವರು ಇಟ್ಟ ಹೆಸರು ಎರಡನೇ ನೀರು, ಮೂರನೇ ನೀರು. ಅದು ಎಡಗಡೆಗೆ. “ಏಯ್, ಮೂರನೇ ನೀರು ಬುಡವ್ವ!” ಎಂದು ಹೊರಗಿನಿಂದ ಕೂಗಿದರೆ ನಾನು ಬಿಡಬೇಕು. ಬಸ್ಸಿನ ಮಾತು ಅಲ್ಲಿಗೆ ನಿಂತಿತು.

ಇಷ್ಟೆಲ್ಲ ಆದ ಮೇಲೆ ಒಂದು ದಿನ ಆ ಮೆಷಿನ್ ಕುಣಿಯುತ್ತಾ ಕುಣಿಯುತ್ತಾ ಸುಟ್ಟ ವಾಸನೆ ಬಿಟ್ಟು ತಣ್ಣಗಾಯಿತು. ರಿಪೇರಿಯವರು ಹಿಂಬದಿ ಬಿಚ್ಚಿ, ಒಂದು ಸಲ ಇಣುಕಿ, ಮತ್ತೆ ಮುಚ್ಚಿದರು.

ಹೊಸ ಮೆಷಿನ್ ಕೊಳ್ಳುವ ಮುನ್ನ ನಾನು ಮಾಡಿದಷ್ಟು ಅಭ್ಯಾಸವನ್ನು ಬಿ.ಕಾಂ. ಪರೀಕ್ಷೆಗೂ ಮಾಡಿರಲಿಲ್ಲ. ಊಟ ಮಾಡುತ್ತಾ ವಿಡಿಯೊ, ಬಸ್ಸಿನಲ್ಲಿ ವಿಡಿಯೊ. ಇನ್ವರ್ಟರ್ ಮೋಟರ್ ಎಂದರೇನೆಂದು ಆಫೀಸಿನಲ್ಲಿ ಎಲ್ಲರಿಗೂ ವಿವರಿಸಿದೆ, ನನಗೆ ತಿಳಿಯದಿದ್ದರೂ. ಬಂಧುಗಳೆಲ್ಲ ತಮ್ಮ ತಮ್ಮ ಮನೆಯ ಮೆಷಿನ್ನನ್ನೇ ಹೊಗಳಿದರು, ತಾವು ಮಾಡಿದ ತಪ್ಪು ನಾವೂ ಮಾಡಲಿ ಎನ್ನುವ ಹಾಗೆ. ವಸಂತನರಸಾಪುರದ ಕಾರ್ಖಾನೆಯಲ್ಲಿ ದಿನವಿಡೀ ಮೆಷಿನ್‌ಗಳ ಜೊತೆಗೇ ಇರುವ ನಮ್ಮ ಮನೆಯವರನ್ನು ಕೇಳಿದರೆ “ನೋಡೋಣ” ಅಂದರು. ಅವರು ಮದುವೆಗೆ ಮುಂಚೆ ನನ್ನನ್ನು ನೋಡಲು ಬಂದಾಗಲೂ ಅಷ್ಟೇ ಹೇಳಿದ್ದು. ಕೊನೆಗೆ ನಾನೇ ತೀರ್ಮಾನಿಸಿದೆ, ಫ್ರಂಟ್ ಲೋಡ್. ಅವರ ಕಾರ್ಖಾನೆ ಬಟ್ಟೆಯ ಗ್ರೀಸ್ ಹೋಗುತ್ತದೆ, ನೀರು ಉಳಿಯುತ್ತದೆ, ಇತ್ಯಾದಿ ಕಾರಣ ಕೊಟ್ಟೆ. ನಿಜ ಹೇಳಬೇಕೆಂದರೆ ನನಗೆ ಆ ದುಂಡನೆಯ ಗಾಜಿನ ಬಾಗಿಲಿನ ಮೇಲೆ ಆಸೆ.

ಬಿ.ಎಚ್. ರಸ್ತೆಯ ಶೋರೂಮಿಗೆ ಮೂವರೂ ಹೋದೆವು. ಟೈ ಕಟ್ಟಿದ್ದ, ನಡುವಯಸ್ಸಿನ ಸೇಲ್ಸ್‌ಮನ್ ನಮ್ಮನ್ನು ನೇರ ಗಾಜಿನ ಬಾಗಿಲಿನ ಸಾಲಿಗೆ ಕರೆದೊಯ್ದರು.

“ಇದು ನೋಡಿ ಮೇಡಂ. ಹಳೇ ಮೆಷಿನ್‌ಗೂ ಇದಕ್ಕೂ ಹೋಲಿಕೆನೇ ಇಲ್ಲ. ನೀರು ಕುಡಿಯೋದೇ ಇಲ್ಲ.”

ನನ್ನ ಹಿಂದಿನಿಂದ ಅತ್ತೆ ಕೇಳಿದರು, “ಆಚೆಗೆ ಎಷ್ಟು ನೀರ್ ಬುಡ್ತದಪ್ಪ ಇದು?”

“ಭಾಳ ಕಮ್ಮಿ ಅಮ್ಮ!” ಎಂದು ಅವರು ಗೆದ್ದವರಂತೆ ನಕ್ಕರು.

“ಹಂಗಾದ್ರೆ ಬ್ಯಾಡ. ಜಾಸ್ತಿ ಬುಡೋದು ತೋರ್ಸು.”

ಪಾಪ, ಆ ಮನುಷ್ಯ ನನ್ನ ಮುಖ ನೋಡಿದರು. ನಾನು ಫ್ರಿಜ್‌ಗಳ ಕಡೆ ನೋಡಿದೆ. ನಮ್ಮ ಮನೆಯವರು ಎಲ್ಲೂ ನೋಡಲಿಲ್ಲ. ಅತ್ತೆ ಸಾಲಿನಲ್ಲಿದ್ದ ಮೆಷಿನ್‌ಗಳ ಹಿಂದೆಯೇ ಹೋಗಿ, ಬಗ್ಗಿ, ನೀರು ಹೋಗುವ ಪೈಪುಗಳನ್ನು ಒಂದೊಂದಾಗಿ ಹಿಡಿದು ನೋಡತೊಡಗಿದರು. ಮುಂಭಾಗದ ದೀಪ, ಗುಂಡಿ, ಗಾಜು ಯಾವುದೂ ಅವರಿಗೆ ಲೆಕ್ಕಕ್ಕಿಲ್ಲ.

“ಜಾಸ್ತಿ ನೀರು ಯಾಕಮ್ಮ ನಿಮ್ಗೆ?”

“ಎರಡು ಮರ ಅವೆ.”

“ತೆಂಗಾ?” ಆ ಒಂದು ಮಾತಿಗೆ ಸೇಲ್ಸ್‌ಮನ್ ದನಿಯೇ ಬದಲಾಯಿತು. “ನಮ್ದೂ ಗುಬ್ಬಿ ಹತ್ರ ತೋಟ ಐತಮ್ಮ. ನುಸಿ ಬಿದ್ದು ಕಾಯೆಲ್ಲ ಹಾಳು.”

“ಬೇವಿನ ಹಿಂಡಿ ಹಾಕಿದ್ಯಾ?”

“ಹಾಕಿದ್ವಿ.”

“ಉಪ್ಪು?”

ಆಮೇಲೆ ಇಬ್ಬರೂ ಖಾಲಿ ರಟ್ಟಿನ ಪೆಟ್ಟಿಗೆಯ ಮೇಲೆ ಕೂತುಬಿಟ್ಟರು. ನಾವು ಮೆಷಿನ್ನಿನ ಬಾಗಿಲು ತೆಗೆಯುತ್ತಾ ಹಾಕುತ್ತಾ ನಿಂತೆವು. ಕೊನೆಗೆ ಸೇಲ್ಸ್‌ಮನ್ ಎದ್ದು ಬಂದು ನನಗೆ ಮೆಲ್ಲಗೆ ಹೇಳಿದರು, “ಬೇಜಾರ್ ಮಾಡ್ಕೋಬೇಡಿ ಮೇಡಂ. ನಿಮ್ಗೆ ಇಷ್ಟು ದುಬಾರಿದು ಬ್ಯಾಡ. ಟಾಪ್ ಲೋಡ್ ತಗಳಿ, ಮರಕ್ಕೆ ಒಳ್ಳೇದು.” ಮ್ಯಾನೇಜರ್ ಕೂತಿದ್ದ ಕಡೆಯಿಂದ ದೊಡ್ಡದಾಗಿ ಕೆಮ್ಮು ಕೇಳಿಸಿತು. ನನಗೆ ಮೈ ಉರಿಯಿತು. ಬಟ್ಟೆ ಒಗೆಯುವವಳು ನಾನು, ಮಾತು ಮಾತ್ರ ಮರದ್ದು. ಫ್ರಂಟ್ ಲೋಡೇ ಬೇಕೆಂದು ಹಟ ಹಿಡಿದು ತಂದೆ.

ಮೆಷಿನ್ ಕೂರಿಸಿದ ದಿನ ಕಂಪನಿಯವರು ಒಳಗೆ ಗುಂಡಿಗಳ ಪಾಠ ಹೇಳುತ್ತಿದ್ದರೆ ಅತ್ತೆ ಹೊರಗೆ ಪೈಪಿನ ಬಾಯಲ್ಲಿ ಗುದ್ದಲಿ ಹಿಡಿದು ನಿಂತಿದ್ದರು. ನೀರು ಬಂತು. ಸ್ವಲ್ಪ ಬಂತು, ನಿಂತಿತು. ಮತ್ತೆ ಸ್ವಲ್ಪ ಬಂತು. ಕಾಲುವೆಯ ಮಣ್ಣು ನೆನೆಯಿತೇ ಹೊರತು ಬಲಗಡೆಯ ಪಾತಿಯೂ ತುಂಬಲಿಲ್ಲ.

“ಇಷ್ಟೇನಾ?” ಅಂದರು.

“ಇಷ್ಟೇ ಅಮ್ಮ, ಸೂಪರ್ ಮೆಷಿನ್,” ಅಂದರು ಕಂಪನಿಯವರು.

ಅತ್ತೆ ಗುದ್ದಲಿ ತೊಳೆದು ಗೋಡೆಗೆ ಒರಗಿಸಿದರು. ರಾತ್ರಿ ಊಟ ಮಾಡುತ್ತಾ “ಶುಕ್ರವಾರ ಊರಿಗೆ ಹೋಯ್ತೀನಿ ಕಣ್ಲಾ” ಅಂದರು. ನಮ್ಮ ಮನೆಯವರು ನನ್ನನ್ನು ನೋಡಿದ ನೋಟ ಹೇಗಿತ್ತೆಂದರೆ, ತಾಯಿಯನ್ನು ನಾನೇ ಕೈಹಿಡಿದು ಬಸ್ಸಿಗೆ ತಳ್ಳಿದ ಹಾಗಿತ್ತು. ನನಗೂ ಒಳಗೊಳಗೇ ಕಸಿವಿಸಿ. ಗೆದ್ದರೂ ಊಟ ಸೇರಲಿಲ್ಲ.

ಗುರುವಾರ ಸಂಜೆ ಆಫೀಸಿನಿಂದ ಬಂದೆ. ಹಿತ್ತಲ ತಂತಿಯ ಮೇಲೆ ಯಾರದೋ ಸ್ಕೂಲ್ ಯೂನಿಫಾರಂಗಳು, ಯಾರದೋ ಚೂಡಿದಾರ್, ನಮ್ಮ ವಂಶದಲ್ಲೇ ಯಾರೂ ತೊಡದ ದೊಡ್ಡ ಜುಬ್ಬಾ. ಎದುರು ಮನೆಯ ಟೈಲರ್ ಹೆಂಡತಿ ನೂರ್‌ಜಹಾನ್ ನನ್ನ ಮೆಷಿನ್ನಿನ ಮುಂದೆ ನಿಂತು ಇಂಗ್ಲಿಷ್ ಅಕ್ಷರ ಓದಿ ಹೇಳುತ್ತಿದ್ದಾಳೆ, ಅತ್ತೆ ಗುಂಡಿ ಒತ್ತುತ್ತಿದ್ದಾರೆ.

“ನಾನ್ ಬೇಡ ಅಂದೆ ಅಕ್ಕ. ಅಮ್ಮನೇ ಬಂದು ಬಕೆಟ್ ಎತ್ಕೊಂಡ್ ಬಂದ್ಬಿಟ್ರು,” ಅಂದಳು ನೂರ್‌ಜಹಾನ್, ನಾಚಿಕೊಂಡು.

ಅತ್ತೆಗೆ ನಾಚಿಕೆಯಿರಲಿಲ್ಲ. “ಒಂದ್ಸಲಕ್ಕೆ ಕಮ್ಮಿ ಬುಟ್ರೆ ನಾಕ್ಸಲ ತಿರುಗಿಸ್ಬೇಕು, ಅಷ್ಟೇ ತಾನೆ? ನೂರ್‌ಜಾನು, ಆ ಎರಡನೇ ನೀರಿಂದು ಎಲ್ಲೈತೆ, ಒತ್ತವ್ವ.” ಇನ್ನೊಮ್ಮೆ ಜಾಲಿಸುವ ಎಕ್ಸ್‌ಟ್ರಾ ರಿನ್ಸ್ ಎನ್ನುವ ಗುಂಡಿ ನನ್ನ ಮೆಷಿನ್ನಿನಲ್ಲಿದೆ ಎಂದು ನನಗೇ ಗೊತ್ತಿರಲಿಲ್ಲ. ಇಷ್ಟು ವಿಡಿಯೊ ನೋಡಿದ್ದೂ ದಂಡ.

ಶುಕ್ರವಾರ ಅವರು ಊರಿಗೆ ಹೋಗಲಿಲ್ಲ, ಅವತ್ತು ನಿವೃತ್ತ ಮೇಷ್ಟ್ರ ಮನೆಯ ಹೊದಿಕೆಗಳಿದ್ದವು. ಮುಂದಿನ ವಾರದ ಹೊತ್ತಿಗೆ ಬೀದಿಗೆಲ್ಲ ಪಾಳಿ ಗೊತ್ತಾಗಿತ್ತು. ನೀರು ಉಳಿಸಲು ತಂದ ಮೆಷಿನ್ ಬೆಳಗಿನಿಂದ ಸಂಜೆಯವರೆಗೆ ತಿರುಗಿ, ಹಳೆಯದಕ್ಕಿಂತ ಹೆಚ್ಚು ನೀರು ಹಿತ್ತಲಿಗೆ ಹರಿಸಿತು. ನಾನು ಕೂಗಾಡಿದೆ, ಮುನಿಸಿಕೊಂಡೆ, ಒಂದು ದಿನ ಪ್ಲಗ್ಗನ್ನೂ ಕಿತ್ತಿಟ್ಟೆ. “ನಿಂದು ಭಾನುವಾರ ಐತಲ್ಲ, ಇನ್ನೇನ್ ಬೇಕು?” ಎಂದು ಅತ್ತೆ ನನ್ನನ್ನೇ ಸಮಾಧಾನಪಡಿಸಿದರು. ವರ್ಷಗಳು ಹೀಗೇ ಹೋದವು. ಮರಗಳಿಗೆ ಬುದ್ಧಿ ಬಂತು, ಗೊನೆ ಬಿಟ್ಟವು. ತುಮಕೂರಿನಲ್ಲಿ ಯಾರ ಪರಿಚಯವೂ ಇಲ್ಲದಿದ್ದ ಅತ್ತೆಗೆ ನಮಸ್ಕಾರ ಹೇಳದೆ ನಮ್ಮ ಬೀದಿಯಲ್ಲಿ ಯಾರೂ ಹಾದುಹೋಗುವುದಿಲ್ಲ, ಇಲ್ಲೇ ಹುಟ್ಟಿ ಬೆಳೆದ ನನ್ನನ್ನು “ಅಮ್ಮನ ಸೊಸೆ” ಅನ್ನುತ್ತಾರೆ.

ಇವತ್ತು ನೋಡಿ, ಮೆಷಿನ್ ಇಡೀ ನನ್ನದು. ಅತ್ತೆ ಹೋದ ಮೇಲೆ ಬಟ್ಟೆ ಗಂಟು ಹಿಡಿದು ಬಂದವರೆಲ್ಲ ಬಾಗಿಲಲ್ಲೇ ನಿಂತು, “ಅಮ್ಮ ಇನ್ನೂ ಬಂದಿಲ್ವಾ? ಬರ್ಲಿ ಬಿಡಿ,” ಎಂದು ವಾಪಸು ಹೋಗಿದ್ದಾರೆ. ಹಾಕಿ ಎಂದರೂ ಹಾಕುವುದಿಲ್ಲ. ಇಷ್ಟು ವರ್ಷ ಕಾದಿದ್ದ ಸುಖ ಇದೇನಾ ಎಂದು ಯೋಚಿಸುತ್ತಾ ಕೂತಿದ್ದಾಗ ಫೋನ್ ಬಂತು. ಅತ್ತೆ.

“ತೋಟಕ್ಕೆಲ್ಲ ಡ್ರಿಪ್ ಹಾಕ್ಸವ್ನೆ ಕಣವ್ವ ನಿಮ್ ಮೈದ್ನ. ಪೈಪ್‌ನಾಗೆ ತೊಟ್ಟಿಕ್ತದೆ. ಮೋಟ್ರುನೂ ಮಂಚದ ಮ್ಯಾಲೆ ಕೂತ್ಕಂಡು ಫೋನ್‌ನಾಗೇ ಹಾಕ್ತಾನೆ.”

“ಒಳ್ಳೇದೇ ಆಯ್ತಲ್ಲ ಅತ್ತೆ.”

“ಒಳ್ಳೇದೇ. ಮರ ಚೆನ್ನಾಗವೆ. ಗುದ್ದಲಿ ತಗಂಡೋದೆ. ‘ಪೈಪ್ ಕುಯ್ದುಬುಟ್ಟೀಯ, ಹೋಗಿ ಕೂತ್ಕಳವ್ವ’ ಅಂದ. ಕೂತಿದೀನಿ. ನಾಳೆ ಬರ್ಲಾ?”

ಹೋಯ್ತೀನಿ ಎಂದು ಸಾರುವುದನ್ನು ಕೇಳಿ ಕೇಳಿ ಬೇಸತ್ತಿದ್ದೆ. ಬರ್ಲಾ ಎಂದು ಅವರು ನನ್ನನ್ನು ಕೇಳಿದ್ದು ಇದೇ ಮೊದಲು. ಬಾಯಿಗೆ ಬಂದದ್ದನ್ನು ಹೇಳಿದೆ.

“ಕೇಳೋದೇನತ್ತೆ, ಬೇಗ ಬನ್ನಿ. ಮನೇಲಿ ಬಟ್ಟೆ ಗುಡ್ಡೆ ಬಿದ್ದಿದೆ. ನನ್ನ ಕೈಲಾಗ್ತಿಲ್ಲ.”

“ಹೌದಾ? ನೀನ್ ಮುಟ್ಬ್ಯಾಡ, ಅಂಗೇ ಇರ್ಲಿ. ಬೆಳಗಿನ ಬಸ್ಸಿಗೇ ಬತ್ತೀನಿ.” ದನಿಯಲ್ಲಿ ಗತ್ತು ವಾಪಸು ಬಂದಿತ್ತು.

ಫೋನಿಟ್ಟು ನೋಡಿದರೆ ಇದ್ದದ್ದೆಲ್ಲ ಮೆಷಿನ್ನಿನಲ್ಲಿ, ಇಡೀ ಮನೆಯಲ್ಲಿ ಇನ್ನೊಂದು ಕೊಳೆ ಕರ್ಚೀಫೂ ಇಲ್ಲ. ಬೀರು ತೆಗೆದೆ. ಇಸ್ತ್ರಿಯಾಗಿದ್ದ ಅಂಗಿಗಳು, ಗಂಜಿ ಹಾಕಿ ಮಡಿಸಿದ್ದ ನನ್ನ ಕಾಟನ್ ಸೀರೆಗಳು, ಟವೆಲ್‌ಗಳು, ಎಲ್ಲವನ್ನೂ ಎಳೆದು, ಚೆನ್ನಾಗಿ ಮುದುಡಿ, ಹಿತ್ತಲ ಬಾಗಿಲಲ್ಲಿ ಗುಡ್ಡೆ ಹಾಕತೊಡಗಿದೆ. ನೈಟ್ ಶಿಫ್ಟ್ ಮುಗಿಸಿ ಬಂದ ನಮ್ಮ ಮನೆಯವರು ಊಟದ ಡಬ್ಬಿ ಹಿಡಿದು ಅಲ್ಲೇ ನಿಂತುಬಿಟ್ಟರು.

“ಏನೇ ಮಾಡ್ತಿದೀಯ? ಒಗ್ದಿರೋ ಬಟ್ಟೆ ಕಣೇ ಅವು!”

“ಗೊತ್ತು. ನಾಳೆ ಅಮ್ಮ ಬರ್ತಿದಾರೆ.”

ಅವರು ನನ್ನ ಮುಖ ನೋಡಿದರು, ಗುಡ್ಡೆ ನೋಡಿದರು. ಆಮೇಲೆ ಡಬ್ಬಿ ಕೆಳಗಿಟ್ಟು ರೂಮಿಗೆ ಹೋಗಿ, ಬೆಳಿಗ್ಗೆಯಷ್ಟೇ ನಾನು ಹೊಸದಾಗಿ ಹಾಸಿದ್ದ ಬೆಡ್‌ಶೀಟನ್ನು ಎಳೆದು ತಂದು ಗುಡ್ಡೆಯ ಮೇಲೆ ಹಾಕಿದರು.